ಗೇಟಿನ ತಪಾಸಣೆ

ಮುಕಾದಮ ಹಣಮಂತಪ್ಪನ ಮಣಿಕಟ್ಟನ್ನು ಶೆಟ್ಟೆವ್ವ ಹಿಡಿದುಬಿಟ್ಟಿದ್ದಳು. ಎಪ್ಪತ್ನಾಲ್ಕನೇ ಇಸವಿಯ ಹತ್ತಿ ಸುಗ್ಗಿ. ಬೈಲಹೊಂಗಲದ ಆ ಜಿನ್ನಿಂಗ್ ಮಿಲ್ಲಿನ ಹೆಂಗಸರು ಹತ್ತಿ ಕದ್ದಿಲ್ಲವೆಂದು ತೋರಿಸಲು ದಿನಾ ಸಂಜೆ ಗೇಟಿನಲ್ಲಿ ಅವನ ಕೈಗೆ ಮೈ ಕೊಡಬೇಕಿತ್ತು. ಇವತ್ತು ಆ ಕೈ ಅವಳ ಕುಪ್ಪಸದೊಳಗೇ ಇಳಿದಿತ್ತು. "ಹತ್ತಿ ಹುಡುಕೂದು ಹಿಂಗೇನೋ ಭಾಡ್ಯಾ? ನಿಮ್ಮವ್ವನ್ನೂ ಹಿಂಗ ಹುಡುಕತೀಯೇನು?"

ಸಾಲಿನ ಹೆಂಗಸರು ಕಿಸಕ್ಕನೆ ನಕ್ಕರು. ಗದ್ದಲ ಕೇಳಿ ಮಿಲ್ಲಿನ ಸಾವಕಾರ ಹೊರಬಂದ. "ಹೆಂಗಸರ ತಪಾಸಣಿಗೆ ಹೆಂಗಸನ್ನ ಇಡ್ರಿ. ಇಲ್ಲಾಂದ್ರ ನಾಳಿ ಯಾರೂ ಬರೂದಿಲ್ಲ" ಎಂದಳು ಶೆಟ್ಟೆವ್ವ. ಸಾವಕಾರ ಎಲೆಅಡಿಕೆ ಉಗುಳಿದ. "ಖರೇ ಐತಿ ಬಿಡವಾ. ನಾಳಿ ಯಾಕ, ಈಗಿಂದನ ನೀನ ಮಾಡು" ಎಂದು ಒಳಗೆ ಹೋದ. ನ್ಯಾಯ ಇಷ್ಟು ಅಗ್ಗವಾಗಿ ಸಿಕ್ಕೀತೆಂದು ಯಾರೂ ಎಣಿಸಿರಲಿಲ್ಲ. ಹಿಂದೆ ನಿಂತಿದ್ದ ಬಾಯವ್ವ "ಶಾಬಾಸ್ ನನ್ನ ಹುಲಿ" ಎಂದು ಬೆನ್ನು ತಟ್ಟಿದಳು.

ಹಣಮಂತಪ್ಪ ಮಾತ್ರ ಹೋಗಲಿಲ್ಲ. "ಕಳವಾದ್ರ ಕೇಳೂದು ನನ್ನ" ಎನ್ನುತ್ತ ಸ್ಟೂಲು ಎಳೆದು ಎದುರಿಗೇ ಕುಳಿತ. ಶೆಟ್ಟೆವ್ವ ಬಾಯವ್ವನ ಮೈಯನ್ನು ಮೇಲೆ ಮೇಲೆ ಮುಟ್ಟಿ ಬಿಟ್ಟಳು. "ಹಂಗಲ್ಲ" ಎಂದ ಅವನು. "ಸೆರಗ ಸರಸು. ಒಳಗ ಕೈ ಹಾಕು, ನನಗ ಕಾಣಬೇಕು. ಅಲ್ಲೀಮಟಾ ಗೇಟ್ ತಗಿಯೂದಿಲ್ಲ."

ಬೀಗದ ಕೈ ಅವನ ಉಡದಾರದಲ್ಲಿ ನೇತಾಡುತ್ತಿತ್ತು. ನಲವತ್ತು ಹೆಂಗಸರ ಸಾಲು ಗೇಟಿನ ಒಳಗೇ ನಿಂತಿತ್ತು. ಬಾಯವ್ವ ತಾನೇ ಸೆರಗು ಸರಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. "ಹಾಕವಾ ಲಗೂನ. ಮನ್ಯಾಗ ಕೂಸು ಹಾಲಿಗೆ ಅಳಾಕ ಹತ್ತಿರತೈತಿ."

ಶೆಟ್ಟೆವ್ವ ಕೈ ಹಾಕಿದಳು.