ಇಪ್ಪತ್ತೊಂದನೇ ಗಿಡ

"ಬರೀ ಪಾಯಿಂಟ್ ಮೂವತ್ತೊಂದು," ಎಂದು ಕವನ ಲ್ಯಾಪ್‌ಟಾಪನ್ನು ತಾತನ ಕಡೆ ತಿರುಗಿಸಿದಳು. "ಇದಕ್ಕೆ ಸಹಸಂಬಂಧ ಅಂತಾರೆ. ಒಂದರ ಹತ್ತಿರ ಬಂದರೆ ನಂಟು ಗಟ್ಟಿ, ಸೊನ್ನೆ ಕಡೆ ಜಾರಿದರೆ ನೀರು. ನಿನ್ನ ಮಾತು ಬಿದ್ದೋಯ್ತು ತಾತ."

ಬಾಳೆಗಿಡದ ಸುತ್ತಳತೆ ಹಿಡಿದರೆ ಗೊನೆಯ ತೂಕ ಹೇಳಿಬಿಡುತ್ತೇನೆ ಎಂಬುದು ತಾತ ದೊಡ್ಡಮಾದಯ್ಯನ ಮಾತು. ಚಿಕ್ಕಯ್ಯನಛತ್ರದ ಸುತ್ತ ತೋಟ ನೋಡಲು ಬರುವ ವ್ಯಾಪಾರಿಗಳೂ ಅದಕ್ಕೆ ತಲೆಯಾಡಿಸುತ್ತಿದ್ದರು. ಅದನ್ನೇ ಕವನ ಡಿಗ್ರಿ ಪ್ರಾಜೆಕ್ಟ್ ಮಾಡಿಕೊಂಡಿದ್ದಳು: ನಲವತ್ತು ರಸಬಾಳೆ ಗಿಡ, ನಲವತ್ತು ಗೊನೆ. ಗೊನೆ ತೂಗಿದ್ದು ಅವಳು. ಗಿಡ ಅಳೆದದ್ದು ತಾತ, ಅದೂ ಗೇಣಿನಲ್ಲಿ. ಅವಳು ಕೊಟ್ಟ ಟೇಪನ್ನು "ದರ್ಜಿಗೆ ಕೊಡೋಗು" ಎಂದು ವಾಪಸು ಮಾಡಿದ್ದ.

ಈಗ ತೆರೆಯ ಮೇಲೆ ನಲವತ್ತು ಚುಕ್ಕೆ, ರಂಗೋಲಿಗೆ ಇಟ್ಟದ್ದನ್ನು ಕೋಳಿ ಕೆದರಿದ ಹಾಗೆ. ನಡುವೆ ಕಂಪ್ಯೂಟರ್ ಎಳೆದ ಗೆರೆ ಯಾವ ಕಡೆಗೂ ಸೇರದೆ, ಜಗಳ ಬಿಡಿಸಲು ಬಂದವನಂತೆ ನಿಂತಿತ್ತು.

"ನಾಳೆ ನಮ್ಮ ಸರ್ ನೋಡ್ತಾರೆ," ಎಂದ ಕವನ ಮೂಗು ಹಿಡಿದು ಅವರ ದನಿ ತೆಗೆದಳು. "'ಏನಮ್ಮಾ, ನಿಮ್ಮ ತಾತ ಗಿಡ ಅಳೆದ್ರಾ, ಗಾಳಿ ಅಳೆದ್ರಾ?'"

ದೊಡ್ಡಮಾದಯ್ಯ ನಗಲಿಲ್ಲ. "ಐವತ್ತು ವರ್ಸದ ಕೈ ಕಣವ್ವ ಇದು. ನಿನ್ನ ಮಿಸಿನ್ನೇ ಸರಿಯಿಲ್ಲ."

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಮರಿತಾಯಮ್ಮ ಮಾತ್ರ ತಲೆ ತಗ್ಗಿಸಿ ಒಳಗೊಳಗೇ ನಗುತ್ತಿದ್ದಳು. ಈ ನಗು ಯಾಕೆ? ಕವನ ಮತ್ತೆ ಚುಕ್ಕೆಗಳನ್ನು ನೋಡಿದಳು. ಗುಂಪು ಎರಡಿದ್ದಂತಿತ್ತು. ಗಿಡದ ನಂಬರ್ ಹಿಡಿದು ಮೊದಲ ಇಪ್ಪತ್ತಕ್ಕೆ ಕೆಂಪು, ಉಳಿದದ್ದಕ್ಕೆ ನೀಲಿ ಬಣ್ಣ ಕೊಟ್ಟು, ಒಂದೊಂದಕ್ಕೂ ಬೇರೆ ಗೆರೆ ಎಳೆಸಿದಳು. ಗಾಡಿ ಹೋದ ಜಾಡಿನಂತೆ ಎರಡು ಗೆರೆ, ಅಕ್ಕಪಕ್ಕ, ಮೇಲಕ್ಕೆ. ಒಂದೇ ತೂಕದ ಗೊನೆಗೂ ನೀಲಿ ಗಿಡಗಳೆಲ್ಲ ಅರ್ಧ ಗೇಣು ಹೆಚ್ಚು ದಪ್ಪ!

"ಇಪ್ಪತ್ತೊಂದನೇ ಗಿಡದಿಂದ ನಿನ್ನ ಕೈ ಚಿಕ್ಕದಾಯ್ತಾ ತಾತ?"

ತಾತ ಕೆಮ್ಮಿದ. ಅಜ್ಜಿ ತನ್ನ ಪುಟ್ಟ ಅಂಗೈ ಎತ್ತಿ ತೋರಿಸಿದಳು. "ಇಪ್ಪತ್ತಕ್ಕೇ ಸಾಕಾಗಿ ಟೀ ಕುಡಿಯಕ್ಕೆ ಎದ್ದೋದ್ರು ನಿಮ್ಮ ತಾತ. ಮಿಕ್ಕಿದ್ದೆಲ್ಲ ನಂದೇ ಗೇಣು. ಕೂಸ್ಗೆ ಬಾಯಿ ಬುಡಬ್ಯಾಡ ಅಂದಿದ್ರು."

"ಆದ್ರೂ ನಿನ್ನ ಮಾತೇ ಗೆದ್ದಿದೆ ತಾತ!" ಕವನ ಕುಳಿತಲ್ಲೇ ಕುಣಿದಳು. "ಬೇರೆ ಮಾಡಿದ ಕೂಡಲೇ ನಂಟು ಗಟ್ಟಿ. ನಿನ್ನ ಗಿಡಗಳಿಗೆ ಪಾಯಿಂಟ್ ಎಂಬತ್ತನಾಲ್ಕು."

ತಾತನ ಮೀಸೆ ಎದ್ದು ನಿಂತಿತು. "ನಾನು ಹೇಳಲಿಲ್ವಾ!"

"ಅಜ್ಜಿದು ತೊಂಬತ್ತೈದು. ಅಜ್ಜಿಯ ಒಂದು ಚುಕ್ಕೆಯೂ ಗೆರೆ ಬಿಟ್ಟು ದೂರ ಹೋಗಿಲ್ಲ."

ದೊಡ್ಡಮಾದಯ್ಯ ಬಾಗಿಲ ಕಡೆ ಕಳ್ಳನೋಟ ಬೀರಿ, ಮೊಮ್ಮಗಳ ಕಿವಿಗೆ ಬಗ್ಗಿದ.

"ಎರಡನ್ನೂ ಮೊದಲಿದ್ದಂಗೆ ಬೆರೆಸಿಬುಡು ಕೂಸೇ."