ನೀಲವ್ವನ ಹೆಪ್ಪು

ಪ್ರತಿ ಸೋಮವಾರ ನಮ್ಮ ಓಣಿಯ ಹದಿನೇಳು ನೇಕಾರರು ದವಾಖಾನೆಗೆ ಹೋಗಿ, ಒಂದೊಂದು ಬಟ್ಟಲು ನೀಲವ್ವನ ಹೆಪ್ಪು ಕುಡಿದು ಬರುತ್ತೇವೆ. ನಮ್ಮ ಓಣಿಯವಳೇ ಆದ ನೀಲವ್ವನ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ದವಾಖಾನೆಯವರು ಹಾಲಿನಲ್ಲಿ ಬೆಳೆಸಿ ಅದನ್ನು ಮಾಡುತ್ತಾರೆ; ಅವು ನಮ್ಮ ಹೊಟ್ಟೆಗೆ ಸೇರಿದರೆ ಮಾತ್ರ ಸಂಧಿವಾತದ ಗುಳಿಗೆ ನಮ್ಮ ಮೇಲೆ ಕೆಲಸ ಮಾಡುತ್ತದೆ. ಆ ಹೆಪ್ಪು ನಮ್ಮ ಹೊಟ್ಟೆಯಲ್ಲಾಗಲಿ ಸೀಸೆಯಲ್ಲಾಗಲಿ ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ಈ ಸೋಮವಾರ ನೀಲವ್ವನನ್ನೇ ಕರೆದುಕೊಂಡು ಹೋದೆ. ಆರು ದಿನದಿಂದ ಅವಳಿಗೆ ಜ್ವರ, ಉಸಿರಾಡಿದರೆ ಎದೆ ಗೊರಗೊರ ಅನ್ನುತ್ತಿತ್ತು.

"ನ್ಯುಮೋನಿಯಾ ಐತಿ. ಈ ಗುಳಿಗಿ ಈಗಿಂದೀಗ ಶುರು ಮಾಡ್ರಿ," ಎಂದು ಡಾಕ್ಟರು ಚೀಟಿ ಬರೆದರು. ಆಮೇಲೆ ದನಿ ತಗ್ಗಿಸಿದರು. "ಆದ್ರ ಇವ್ರ ಹೊಟ್ಟ್ಯಾಗಿನ ಹೆಪ್ಪಿನ ಜೀವಾಣು ಎಲ್ಲಾ ಸಾಯ್ತಾವ. ತಿರುಗಿ ಬರಂಗಿಲ್ಲ."

ಪಡಸಾಲೆಯಲ್ಲಿ ಖಾಲಿ ಬಟ್ಟಲು ಹಿಡಿದು ಓಣಿಯವರೆಲ್ಲ ಆ ಮಾತು ಕೇಳಿಸಿಕೊಂಡು ನಿಂತಿದ್ದರು. "ಎರಡು ದಿನ ಕಷಾಯ ಕೊಟ್ಟು ನೋಡಿದ್ರ ಹ್ಯಾಂಗ, ನಿಂಗವ್ವಾ?" ಎಂದು ಬಸಲಿಂಗಪ್ಪ ನನ್ನನ್ನು ಕೇಳಿದ. ಯಾರೂ ನೀಲವ್ವನ ಮುಖ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಬೆರಳು ನೋಡಿಕೊಳ್ಳುತ್ತಿದ್ದರು.

ದವಾಖಾನೆಯಲ್ಲೇ ಕೊಟ್ಟ ಗುಳಿಗೆಯ ಪಟ್ಟಿಯನ್ನು ನೀಲವ್ವ ನನ್ನ ಕಡೆ ಚಾಚಿದಳು. "ನನ್ನ ಕೈಯಾಗ ಬಲಾ ಇಲ್ಲವ್ವಾ. ಒಡದು ಕೊಡು."

ಎರಡು ವರ್ಷದ ಹಿಂದೆ ಚಮಚವನ್ನೂ ಹಿಡಿಯಲಾರದಿದ್ದ ನನ್ನ ಬೆರಳುಗಳಿಗೆ ಈಗ ಅದೇನು ದೊಡ್ಡ ಕೆಲಸವಲ್ಲ. ಪಟ್ಟಿಯನ್ನು ಇಸಿದುಕೊಂಡು, ಹಿಂದೆ ಮುಂದೆ ತಿರುವಿದೆ.

"ಬಾಳ ಗಟ್ಟಿ ಐತಿ, ನೀಲವ್ವಾ," ಎಂದೆ.