ಸಂಡಿಗೆ ನೆನೆದ ಮಧ್ಯಾಹ್ನ

ಮನೆಯಲ್ಲಿ ಮಕ್ಕಳಿರುವವರು ಇದನ್ನು ಸ್ವಲ್ಪ ನಿಧಾನವಾಗಿ ಓದಿ…

ದಾವಣಗೆರೆಯಲ್ಲಿ ಒಂದು ಮನೆ. ಕೆಳಗೆ ಅಣ್ಣನ ಸಂಸಾರ, ಮಹಡಿ ಮೇಲೆ ತಮ್ಮನ ಸಂಸಾರ.

ಅಣ್ಣನ ಹೆಂಡತಿ ಗಿರಿಜಾ, ಮಗಳು ಸಿಂಚನಾ. ತಮ್ಮನ ಹೆಂಡತಿ ನಿರ್ಮಲಾ, ಮಗಳು ಚಿನ್ಮಯಿ.

ಹುಡುಗಿಯರಿಬ್ಬರದೂ ಒಂದೇ ವಯಸ್ಸು, ಒಂದೇ ಕ್ಲಾಸ್. ಬೇಸಿಗೆ ರಜೆ ಬಂತೆಂದರೆ ಯಾರು ಎಲ್ಲಿ ಉಂಡರು, ಎಲ್ಲಿ ಮಲಗಿದರು ಅಂತ ಯಾರೂ ಕೇಳುತ್ತಿರಲಿಲ್ಲ. ಮಾವಿನಹಣ್ಣು ತಿಂದ ಕೈಯಲ್ಲೇ ಒಬ್ಬಳ ಜಡೆಯನ್ನು ಇನ್ನೊಬ್ಬಳು ಹೆಣೆದು, ಇಬ್ಬರೂ ಬೈಸಿಕೊಳ್ಳುತ್ತಿದ್ದರು…

ಅವತ್ತು ಮೇ ತಿಂಗಳ ಕೊನೆ. ಸ್ಕೂಲ್ ಶುರುವಾಗಲು ಇನ್ನು ಕೆಲವೇ ದಿನ ಬಾಕಿ.

ಗಿರಿಜಾ ನಸುಕಿನಲ್ಲೇ ಎದ್ದು, ಹಿಟ್ಟು ಕುದಿಸಿ, ಬಿಸಿಲೇರುವ ಮೊದಲೇ ಟೆರೇಸ್ ತುಂಬ ಸಂಡಿಗೆ ಇಟ್ಟಿದ್ದಳು. ಎರಡೂ ಮನೆಗೆ ವರ್ಷಪೂರ್ತಿ ಆಗುವಷ್ಟು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು.

ಮಧ್ಯಾಹ್ನ ಮಗಳಿಗೆ ಶೂ ಕೊಡಿಸಲು ಪೇಟೆಗೆ ಹೊರಟಾಗ, ಮೋಡ ಆದರೆ ಎತ್ತಿಡು ಅಂತ ನಿರ್ಮಲಾಗೆ ಹೇಳಿ ಹೋದಳು. ನಿರ್ಮಲಾ ಹೂಂ ಅಂದಳು.

ಮೋಡ ಬಂತು… ಹಿಂದೆಯೇ ಮಳೆಯೂ ಬಂತು.

ನಿರ್ಮಲಾ ತವರಿನವರ ಜೊತೆ ಫೋನಿನಲ್ಲಿದ್ದಳು. ಟೆರೇಸಿಗೆ ಓಡುವಷ್ಟರಲ್ಲಿ ಸಂಡಿಗೆಯೆಲ್ಲ ಗಂಜಿಯಾಗಿ ಹರಿದುಹೋಗಿತ್ತು.

ಒದ್ದೆಯಾಗಿ ಮನೆಗೆ ಬಂದ ಗಿರಿಜಾ ಅದನ್ನು ನೋಡಿದ್ದೇ ತಡ, ಬಾಯಿಗೆ ಬಂದ ಹಾಗೆ ಬೈದಳು. ನಿರ್ಮಲಾಳ ತವರಿನವರನ್ನೂ ಬಿಡಲಿಲ್ಲ.

ತಪ್ಪಾಯಿತು ಅನ್ನಲು ಬಂದಿದ್ದ ನಿರ್ಮಲಾಗೂ ಸಿಟ್ಟು ನೆತ್ತಿಗೇರಿತು.

"ರಜೆ ಪೂರ್ತಿ ನಿಮ್ಮ ಮಗಳು ನನ್ನ ಮನೇಲೇ ಉಂಡಳು. ಒಂದು ದಿನ ಆದ್ರೂ ನಾನು ಎತ್ತಿ ಆಡಿದ್ದೀನಾ ಅಕ್ಕ?"

ಮಗುವಿಗೆ ಹಾಕಿದ ಅನ್ನವನ್ನು ಆಡಿ ತೋರಿಸಿದಳಲ್ಲ… ಗಿರಿಜಾಗೆ ಅದು ಎದೆಗೆ ನಾಟಿತು. ಸಂಜೆ ಅಣ್ಣ ತಮ್ಮ ಇಬ್ಬರೂ ಎಷ್ಟು ಸಮಾಧಾನ ಹೇಳಿದರೂ ಇಬ್ಬರು ಹೆಂಗಸರೂ ಕೇಳಲಿಲ್ಲ.

ಇದ್ಯಾವುದೂ ತಲೆಗೆ ಹೋಗದ ಸಿಂಚನಾ ಹೊಸ ಶೂ ತೋರಿಸಲು ಮೆಟ್ಟಿಲು ಹತ್ತುತ್ತಿದ್ದಳು. ಗಿರಿಜಾ ರಟ್ಟೆ ಹಿಡಿದು ಕೆಳಗಿಳಿಸಿದಳು.

"ಇನ್ಮೇಲೆ ಮೇಲೆ ಹೋಗಬೇಡ. ಅವರು ನಮ್ಮವರಲ್ಲ."

ಚಿನ್ಮಯಿ ಕೂಡಾನಾ ಅಂತ ಮಗು ಕೇಳಿತು.

"ಅವಳೂ ಅವರಮ್ಮನ ಮಗಳೇ ತಾನೆ."

ರಜೆಯ ಉಳಿದ ದಿನಗಳಲ್ಲಿ ಒಬ್ಬಳು ಕೆಳಗಿನ ಮೆಟ್ಟಿಲ ಮೇಲೆ, ಒಬ್ಬಳು ಮೇಲಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು…

ಒಂದು ದಿನ ಹಿತ್ತಲಿನಲ್ಲಿ ಇಬ್ಬರೂ ಕದ್ದು ಕುಂಟೆಬಿಲ್ಲೆ ಆಡುತ್ತಿದ್ದುದು ಗಿರಿಜಾ ಕಣ್ಣಿಗೆ ಬಿತ್ತು. ಮಗಳನ್ನು ಎಳೆದುಕೊಂಡು ಬಂದು ಬೆನ್ನಿಗೆ ಎರಡು ಬಿಟ್ಟಳು. ಅಷ್ಟಕ್ಕೇ ಬಿಡಲಿಲ್ಲ. ತನ್ನ ತಲೆ ಮೇಲೆ ಕೈ ಇಡಿಸಿ, ಇನ್ನು ಅವಳ ಜೊತೆ ಸೇರಲ್ಲ ಅಂತ ಆಣೆ ಮಾಡಿಸಿದಳು.

ಮಗು ಬಿಕ್ಕುತ್ತಲೇ ಆಣೆ ಮಾಡಿತು. ಮಗಳು ತನ್ನ ಮಾತು ಮೀರಲಿಲ್ಲವಲ್ಲ ಅಂತ ಗಿರಿಜಾಗೆ ಒಳಗೊಳಗೇ ಹೆಮ್ಮೆಯೂ ಆಯಿತು.

ಸ್ಕೂಲ್ ಶುರುವಾಯಿತು. ಸಿಂಚನಾ ಟೀಚರ್‌ಗೆ ಹೇಳಿ ಬೆಂಚು ಬದಲಾಯಿಸಿಕೊಂಡಳು. ಮೊದಮೊದಲು ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು. ಆಮೇಲೆ ಖಾಲಿಯಾಗಿ ಬರತೊಡಗಿತು. ಮಕ್ಕಳಲ್ಲವೇ, ಬೇಗ ಹೊಂದಿಕೊಳ್ಳುತ್ತವೆ ಅಂದುಕೊಂಡಳು ಗಿರಿಜಾ.

ಶ್ರಾವಣದಲ್ಲಿ ಅವಳಿಗೆ ಡೆಂಗಿ ಬಂತು. ಎದ್ದು ನೀರು ಕುಡಿಯಲೂ ಶಕ್ತಿ ಇರಲಿಲ್ಲ.

ಯಾರೂ ಕರೆಯಲಿಲ್ಲ… ನಿರ್ಮಲಾ ತಾನಾಗಿಯೇ ಮೆಟ್ಟಿಲಿಳಿದು ಬಂದಳು. ಗಂಜಿ ಕುಡಿಸಿದಳು, ಮೈ ಒರೆಸಿದಳು, ಎರಡೂ ಮನೆಯ ಅಡುಗೆ ತಾನೇ ಮಾಡಿದಳು.

"ನನ್ನ ಬಾಯಿ ಸರಿ ಇಲ್ಲ ಕಣೆ…" ಅಂದಳು ಗಿರಿಜಾ.

ನಿರ್ಮಲಾ ಅತ್ತಳು. ಇಬ್ಬರೂ ಅತ್ತರು, ಆಮೇಲೆ ಸಂಡಿಗೆ ನೆನೆಸಿಕೊಂಡು ನಕ್ಕರು. ಇಷ್ಟು ದಿನ ಹೊತ್ತಿದ್ದ ಭಾರ ಇಳಿದ ಹಾಗಾಯಿತು.

ಮೈಯಲ್ಲಿ ಶಕ್ತಿ ಬಂದ ಮೇಲೆ ಒಂದು ಭಾನುವಾರ ಗಿರಿಜಾ ಹೋಳಿಗೆ ಮಾಡಿ, ಮೇಲಿನವರನ್ನು ಕರೆದು ಬಾ ಅಂತ ಮಗಳನ್ನು ಕಳಿಸಿದಳು.

ಎಲ್ಲರೂ ಬಂದರು. ಮಕ್ಕಳಿಬ್ಬರೂ ಸಾಲಿನ ಆ ತುದಿಗೊಬ್ಬಳು, ಈ ತುದಿಗೊಬ್ಬಳು ಕೂತರು. ಕಣ್ಣಿಗೆ ಕಣ್ಣು ಸೇರಿದಾಗ ನಕ್ಕರು. ಊಟ ಮುಗಿಸಿ ಚಿನ್ಮಯಿ "ಥ್ಯಾಂಕ್ಸ್ ದೊಡ್ಡಮ್ಮ" ಅಂದು ಹೊರಟುಹೋದಳು… ಯಾರೋ ನೆಂಟರ ಮನೆಗೆ ಬಂದವಳ ಹಾಗೆ.

ಗಿರಿಜಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಜಗಳ ಮುಗಿಯಿತು, ಅವತ್ತು ನಾನು ಹೇಳಿದ್ದು ತಪ್ಪು, ಆ ಆಣೆ ಎಲ್ಲ ಬಿಟ್ಟುಬಿಡು, ಮೊದಲಿನ ಹಾಗೆ ಆಡಿಕೊಂಡಿರಿ ಅಂತ ತಲೆ ಸವರಿ ಹೇಳಿದಳು.

ಸಿಂಚನಾ ಪೂರ್ತಿ ಕೇಳಿಸಿಕೊಂಡಳು. ಬಾಗಿಲ ಕಡೆ ನೋಡಿ, ಯಾರಿಗೂ ಕೇಳಬಾರದು ಅನ್ನುವ ಹಾಗೆ ಸಣ್ಣ ದನಿಯಲ್ಲಿ ಹೇಳಿದಳು…

"ನೀನು ಚಿಕ್ಕಮ್ಮನ ಮುಂದೆ ಸುಳ್ಳುಸುಳ್ಳೇ ನಗ್ತೀಯ ಅಂತ ನನಗೆ ಗೊತ್ತಮ್ಮ. ನಾನೂ ಹಾಗೇ ನಕ್ಕೆ. ಅವರಿಗೆ ಗೊತ್ತೇ ಆಗಲಿಲ್ಲ."

ಗಿರಿಜಾ ಮಗಳ ಎರಡೂ ಕೈ ಹಿಡಿದುಕೊಂಡಳು.

ಇಲ್ಲಮ್ಮ, ನಾನು ನಿಜವಾಗಿಯೇ ನಗುತ್ತೇನೆ ಅಂದಳು. ಎಷ್ಟೋ ಸಲ ಅಂದಳು. ಮಗಳು ಆಯ್ತಮ್ಮ ಅಂತ ತಲೆಯಾಡಿಸಿದಳು. ಅವಳ ಮುಖದಲ್ಲಿ ನಂಬಿಕೆ ಮಾತ್ರ ಇರಲಿಲ್ಲ…

ಮತ್ತೆ ಬೇಸಿಗೆ ರಜೆ ಬಂತು. ಒಬ್ಬಳು ಕೆಳಗೆ ಟಿವಿ ಮುಂದೆ, ಒಬ್ಬಳು ಮೇಲೆ ಮೊಬೈಲ್ ಹಿಡಿದುಕೊಂಡು ರಜೆ ಕಳೆದರು. ಇಬ್ಬರ ನಡುವೆ ಜಗಳವೇನೂ ಇಲ್ಲ. ಎದುರಾದರೆ ಈಗಲೂ ನಗುತ್ತಾರೆ…

*ದೊಡ್ಡವರ ಸಿಟ್ಟು ಒಂದು ದಿನ ಇಳಿಯುತ್ತದೆ… ಆ ಸಿಟ್ಟಿನಲ್ಲಿ ಮಕ್ಕಳಿಗೆ ಕಲಿಸಿದ್ದು ಇಳಿಯುವುದಿಲ್ಲ.*

ನಿಮ್ಮ ಮನೆಯ ಮಗು ಯಾರ ಜೊತೆಗಾದರೂ ಮಾತು ಬಿಟ್ಟಿದೆಯಾ… ಅದು ಯಾರ ಜಗಳ ಅಂತ ಒಮ್ಮೆಯಾದರೂ ಯೋಚಿಸಿದ್ದೀರಾ?